ಮೊದಲನೇ ಪೀರಿಯಡ್

ಹದಿನೇಳು ಎಂದರೆ ಯಾರೂ ಓಗೊಡುವುದಿಲ್ಲ.
ಇದ್ದಾನೆ, ಹಿಂದಿನ ಬೆಂಚಿನಲ್ಲಿ,
ಕೈಮೇಲೆ ಕೆನ್ನೆಯಿಟ್ಟು,
ಕಣ್ಣು ತೆರೆದೇ ಇರುವ ಮೀನಿನ ಹಾಗೆ.
ಪಕ್ಕದವನು ಮೊಣಕೈಯಿಂದ ತಿವಿದ ಮೇಲೆ
ಎಲ್ಲಿಂದಲೋ ಬರುತ್ತದೆ ದನಿ: "ಹಾಜರ್ ಟೀಚರ್."

ಕಸಬಾ ಕಡಪ್ಪುರದ ಲತೇಶ.
ಅಪ್ಪ ಮೂರು ಗಂಟೆಗೆ ದೋಣಿಗೆ ಹೊರಡುವಾಗ
ಮಗನ ಕೋಣೆಯ ಬಾಗಿಲಡಿ ನೀಲಿ ಗೆರೆ.
ಓದುತ್ತಿದ್ದಾನೆ, ಪಾಪ, ಎಂದುಕೊಂಡು
ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ದಾಟುತ್ತಾನಂತೆ.
ಪಿಟಿಎ ಮೀಟಿಂಗಿನಲ್ಲಿ ಹೆಮ್ಮೆಯಿಂದಲೇ ಹೇಳಿದ ಅದನ್ನು.
ನಾನು ತಲೆಯಾಡಿಸಿದೆ.

ನಮ್ಮ ಕಡೆಗೆ ನಿದ್ದೆಗೆಡುವುದು ಹೊಸತೇನಲ್ಲ.
ಬಯಲಾಟಕ್ಕೆ ನಿದ್ದೆಗೆಟ್ಟೆವು, ತೆಯ್ಯಕ್ಕೆ ನಿದ್ದೆಗೆಟ್ಟೆವು,
ಬೂತಾಯಿ ರಾಶಿ ಬಿದ್ದ ದಿನ ಊರಿಗೂರೇ ಎದ್ದು ಕೂತಿತ್ತು.
ಬೆಳಿಗ್ಗೆ ಹೇಳಲಿಕ್ಕೆ ಏನಾದರೊಂದು ಇರುತ್ತಿತ್ತು.
ಇವನ ಇರುಳಿನಲ್ಲಿ ಅಂಥದ್ದೇನೂ ಉಳಿಯುವುದಿಲ್ಲ.
ಹೆಬ್ಬೆರಳು ಮೇಲೆ ಮೇಲೆ ನೂಕುತ್ತದೆ,
ಬಲೆಗೆ ಬಿದ್ದದ್ದೆಲ್ಲ ಜಾರುತ್ತದೆ.

"ಏನಾಗ್ತಿದೆ ಮಾರಾಯ?" ಕೇಳಿದೆ ಒಂದು ದಿನ ವರಾಂಡದಲ್ಲಿ.
"ಏನಿಲ್ಲ ಟೀಚರ್. ಬೇಜಾರು."
ಸಾಂಬಾರಿಗೆ ಉಪ್ಪು ಹೆಚ್ಚಾದರೂ ಬೇಜಾರು,
ಬಸ್ಸು ತಪ್ಪಿದರೂ, ಅಜ್ಜಿ ಸತ್ತರೂ,
ಊಟ ಸೇರದೆ ತಿಂಗಳಾದರೂ ಅದೇ ಮೂರಕ್ಷರ.
ಖಿನ್ನತೆ ಎಂಬುದೊಂದು ಇದೆ,
ನಾನೇ ನೋಟ್ಸಿನಲ್ಲಿ ಬರೆಸಿದ್ದೇನೆ,
ಸಮಾನಾರ್ಥಕ ಪದ, ಒಂದು ಅಂಕ.
ಯಾರ ಬಾಯಲ್ಲೂ ಅದು ಕೂತದ್ದು ಕೇಳಿಲ್ಲ.

ಯಾವುದು ಮೊದಲು?
ನಿದ್ದೆ ಹೋಗಿ ಬೇಜಾರು ಬಂತೋ,
ಬೇಜಾರು ಬಂದು ಫೋನು ಹಿಡಿದನೋ,
ಫೋನು ಹಿಡಿದು ನಿದ್ದೆ ಹೋಯಿತೋ.
ಚಂದ್ರಗಿರಿಯ ಅಳಿವೆಯಲ್ಲಿ ನಿಂತು
ಯಾವ ನೀರು ಹೊಳೆಯದ್ದು, ಯಾವುದು ಕಡಲಿನದು
ಎಂದು ಕೇಳಿದ ಹಾಗೆ.
ಬಾಯಿಗೆ ಹಾಕಿದರೆ ಉಪ್ಪು, ಅಷ್ಟೇ.

ನಿನ್ನೆ ಅವನು ಕೊನೆಯದಾಗಿ ಕಂಡದ್ದು
ರಾತ್ರಿ ಮೂರು ಹನ್ನೆರಡಕ್ಕೆ.
ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು.
ನನಗೆ ಹೇಗೆ ಗೊತ್ತೆಂದು ಕೇಳಬೇಡಿ.

ಇವತ್ತು ಪಾಠವನ್ನು ಸಣ್ಣ ದನಿಯಲ್ಲಿ ಮಾಡಿದೆ.
ಅವನು ನಿದ್ದೆ ಹೋದ, ನಿಜವಾದ ನಿದ್ದೆ,
ಬಾಯಿ ತುಸು ತೆರೆದು, ಪುಸ್ತಕದ ಮೇಲೆ ಜೊಲ್ಲು.
ಹಾಜರಿ ಹಾಕಿದ್ದೇನೆ.
ಬೆಲ್ಲು ಹೊಡೆದಾಗ ಬೆಚ್ಚಿ ಎದ್ದು
"ಗಂಟೆ ಎಷ್ಟು ಟೀಚರ್?" ಎಂದ.
ಗೋಡೆಯ ಗಡಿಯಾರ ನಿಂತು ವರ್ಷವಾಯಿತು.
ನಾನು ಬ್ಯಾಗಿಗೆ ಕೈಹಾಕಿದೆ.