ಎರಡು ನೂಲು

ಈಜುಕೊಳದ ಮೂಡಣ ದಡದಲ್ಲಿ ಮೂರು ಚಪ್ಪಡಿ.
ಕುಸಿದಿವೆ ಅಂತ ಕಮಿಟಿ ಬರೆಯಿತು.
ದಿನಾ ಕಂಡವನು ನಾನು, ಹೇಳುತ್ತೇನೆ: ಕೂತಿದ್ದವು,
ಆಸ್ಪತ್ರೆ ಬೆಂಚಿನಲ್ಲಿ
ಹೆಸರು ಕೂಗುವ ತನಕ ಕೂತವರ ಹಾಗೆ.

ಮಳೆ ಹೋದರೂ ಅಲ್ಲಿ ಅಂಗೈ ಆಳ ನೀರು.
ಒಂದು ಜೊತೆ ಗೊರವಂಕ ಅದರಲ್ಲೇ ಮೀಯುತ್ತಿದ್ದವು,
ಪಕ್ಕದಲ್ಲಿ ಲಕ್ಷ ಲೀಟರು ನೀಲಿ ಇದ್ದರೂ.
ಅದಕ್ಕೆ ನಾನು ಏನು ಸುರಿಯುತ್ತೇನೆ
ಅಂತ ಅವಕ್ಕೆ ಗೊತ್ತು.

ಬಿ ಬ್ಲಾಕಿನ ಕಾವೇರಪ್ಪನವರು ಎಡವಿ
ಹೆಬ್ಬೆರಳಿನ ಉಗುರು ಹಾರಿದ ಮೇಲೆ ಸಭೆ.
ಒಡೆಯೋಣ, ಹೊಸದು ಹಾಕೋಣ ಅಂದರು.
ಹೊರಮಾವಿನಲ್ಲಿ ಬೇರೆ ಥರದ ರಿಪೇರಿ
ನಾನೂ ನೋಡಿರಲಿಲ್ಲ.

ಆಗ ಟ್ಯಾನರಿ ರಸ್ತೆಯಿಂದ ಇನಾಯತ್ ಬಂದ:
ಒಂದು ಟೆಂಪೋ, ಎರಡು ಡ್ರಮ್ಮು, ಹಸಿರು ನೂಲಿನ ಉಂಡೆ,
ಮಾತೇ ಆಡದ ಹುಡುಗ ಒಬ್ಬ.
ಸುತ್ತಿಗೆಯ ಹಿಡಿಯಿಂದ ತಟ್ಟಿದ, ಕಿವಿಯಿಟ್ಟ,
ಹಲಸು ನೋಡುವವನ ಹಾಗೆ.
ಇಲ್ಲಿ ತುಂಬಿದೆ. ಇಲ್ಲೂ ತುಂಬಿದೆ. ಇಲ್ಲಿ...
ಇಲ್ಲಿ ಪೊಳ್ಳು.

ಕೆಂಪು ಕಣ್ಣಿನ ಲೇಸರಿತ್ತು ಅವನ ಬಳಿ.
ತೆಗೆದದ್ದು ಮಾತ್ರ ಹಳೇ ಮಟ್ಟದ ಪೈಪು;
ನನ್ನ ಕೊಳದ್ದೇ ಒಂದು ಚೊಂಬು ನೀರು ತುಂಬಿಸಿ
ಆ ತುದಿ ಹುಡುಗನಿಗೆ, ಈ ತುದಿ ತನಗೆ.
"ಪೈಪು ಸೋರಿ ನೀರೇ ಮಣ್ಣು ಕದ್ದಿರೋದು.
ಎಷ್ಟು ಕದ್ದೆ ಅಂತ ಅದೇ ಹೇಳಲಿ ಬಿಡಿ."
ಒಂದೂಕಾಲು ಇಂಚು ಅಂತ ಹೇಳಿತು.

ಬೆರಳು ದಪ್ಪದ ತೂತು, ಚಪ್ಪಡಿಗೆ ನಾಲ್ಕು.
ಮೊದಲು ಬೂದು ಹಿಟ್ಟು ಬಂತು,
ಆಮೇಲೆ ಡ್ರಿಲ್ಲಿನ ಸದ್ದು ತಟ್ಟನೆ ಹಗುರಾಯಿತು,
ಆಮೇಲೆ ಕೆಂಪು.
ಇಟ್ಟಿಗೆಯದಲ್ಲ. ಬೇರೆ ಕೆಂಪು.
ಒಡೆದ ಮೂಲೆಯ ಸಂದಿಗೆ ಹುಡುಗ ಕೈ ಹಾಕಿ
ಚೂರೊಂದನ್ನು ಎಳೆದ. ಒಂದು ಮುಖ ಒರಟು, ಒಂದು ನುಣುಪು:
ರೆಡ್ ಆಕ್ಸೈಡ್ ನೆಲ.
ಯಾರದೋ ನಡುಮನೆ.
ಕೆಡವಿದ ಲೋಡು ತಂದು ಈ ಹಳ್ಳಕ್ಕೆ ಸುರಿದು
ದಿಮ್ಮಸು ಕೂಡ ಹೊಡೆಯದೆ ಮೇಲೆ ಕೊಳ ಕಟ್ಟಿದ್ದಾರೆ.
ಎಷ್ಟು ವರ್ಷ ಒರೆಸಿದ್ದಳೋ ಯಾರೋ,
ಇನ್ನೂ ಮುಖ ಕಾಣುವಷ್ಟು ಹೊಳಪು.
ಇನಾಯತ್ ಊದಿದ, ಅಂಗಿಗೆ ಉಜ್ಜಿದ, ನೋಡಿದ,
ಪಕ್ಕಕ್ಕಿಟ್ಟು ನಳಿಗೆ ತೂರಿಸಿದ.

ಎರಡು ಡ್ರಮ್ಮಿನ ಎರಡು ರಸ ತಳದಲ್ಲಿ ಕೂಡಿ
ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತವಂತೆ.
ರಾತ್ರಿಯೆಲ್ಲ ಕಾಯಬೇಕಿಲ್ಲ, ಹದಿನೈದು ಸೆಕೆಂಡು.
ಉಸಿರು ಹಿಡಿದೆವು. ಏನೂ ಆಗಲಿಲ್ಲ.
ಏನೂ ಆಗಲಿಲ್ಲ.
ಆಮೇಲೆ ಸಂದಿಯ ಮರಳು ಕಿರ್ರ್ ಅಂತು,
ಇರುವೆಗಳು ಸಾಲು ಮುರಿದು ಹೊರಗೆ ಓಡಿದವು,
ಟನ್ನು ತೂಕದ ಚಪ್ಪಡಿ
ನೂಲಿನ ಕಡೆಗೆ ಎದ್ದಿತು,
ಎದ್ದದ್ದು ಕಾಣದ ಹಾಗೆ.

ಬಸ್, ಅಂದ. ಹುಡುಗ ನಿಲ್ಲಿಸಿದ.
ನಾನು ಬಗ್ಗಿ ನೋಡಿದೆ:
ಆಚೆ ಅಂಚು ಇನ್ನೂ ಎರಡು ನೂಲು ತಗ್ಗು ಸಾಯೇಬ್ರೆ.
"ಇರಲಿ. ವಾಟ ಬೇಕು.
ಪೂರ್ತಿ ಮಟ್ಟ ಮಾಡಿದ್ರೆ
ಎಲ್ಲಿಗೆ ಹೋಗೋದು ಅಂತ ಗೊತ್ತಾಗದೆ
ನೀರು ಅಲ್ಲೇ ನಿಂತ್ಕೊಂಡ್ಬಿಡುತ್ತೆ."

ಸಂಜೆ, ತೂತುಗಳಿಗೆ ಸಿಮೆಂಟಿನ ಬೊಟ್ಟಿಟ್ಟು ಹೊರಟರು.
ಕಾವೇರಪ್ಪನವರು ಬರಿಗಾಲಲ್ಲಿ ಎರಡು ಸುತ್ತು ನಡೆದು
ಏನೂ ತಗಲಲಿಲ್ಲ ಅಂದರು,
ಸ್ವಲ್ಪ ನಿರಾಸೆಯಿಂದಲೇ.
ಕೆಂಪು ಚೂರನ್ನು ಯಾರೂ ಕೇಳಲಿಲ್ಲ.
ಪಂಪ್ ರೂಮಿನ ಕಿಟಕಿಯಲ್ಲಿದೆ. ಟೀ ಲೋಟ ಅದರ ಮೇಲೆ ಇಡುತ್ತೇನೆ,
ನುಣುಪು ಮುಖ ಮೇಲೆ ಮಾಡಿ.

ಮಾರನೇ ದಿನವೂ ಗೊರವಂಕ ಬಂದವು.
ಒಣ ಚಪ್ಪಡಿಯ ಮೇಲೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು,
ಕತ್ತು ಓರೆ ಮಾಡಿ ನನ್ನನ್ನೇ ನೋಡಿದವು.
ಹೂಕುಂಡದ ತಟ್ಟೆಯೊಂದಕ್ಕೆ ನಲ್ಲಿ ನೀರು ಹಿಡಿದು
ಅದೇ ಜಾಗದಲ್ಲಿ ಇಟ್ಟಿದ್ದೇನೆ.
ಅವಿನ್ನೂ ನಂಬಿಲ್ಲ.