ಸೋಮವಾರ ಕೊಡ್ತೀನಿ

ಭಾನುವಾರ ರಾತ್ರಿ ಒಂಬತ್ತಕ್ಕೆ
ಮಿಳಘಟ್ಟದ ಫಿಲೋಮಿನಾ ಮನೆಯ ನಡುಮನೆಯಲ್ಲಿ
ಸಂಘದ ಹನ್ನೊಂದು ಜನ.
ಕಂತು ಎಣಿಸಿ, ರಬ್ಬರ್ ಬ್ಯಾಂಡ್ ಬಿಗಿದು,
ಲೆಕ್ಕದ ಪುಸ್ತಕ ಮಂಡಿ ಕೆಳಗೆ ಹಾಕಿಕೊಂಡು ಕೂತೆ.
ಟೀವಿಯಲ್ಲಿ ಆಗಲೇ ಕೋಟು ಹಾಕಿದ ಮೂವರು
ಉದ್ದ ಮೇಜಿನ ಆಚೆ ಕೈಕಟ್ಟಿ ಕೂತಿದ್ದರು.

ಶರ್ವಾಣಿ ಗದಗಿನವಳು. ನಮಗೇನೂ ಆಗಬೇಕಿಲ್ಲ.
ಆದರೂ ಒಂಬತ್ತು ವಾರ ನೋಡಿ ನೋಡಿ
ಅವಳ ರವಿಕೆಯ ತೋಳು ಎಷ್ಟು ಇಂಚು ಅಂತ
ಖಮರುನ್ನೀಸಾಗೆ ಗೊತ್ತು.

ಈ ಸಲದ ಪರೀಕ್ಷೆ ಊಟದ ಡಬ್ಬಿ ಮಾರುವುದು. ಒಂದೇ ಹಗಲು.
ಎಂಬತ್ತರಂತೆ ನೂರ ಎಂಬತ್ತು ಡಬ್ಬಿ ತಂದಳು,
ನೂರಾಹತ್ತರಂತೆ ನೂರ ನಲವತ್ತು ಹೋದವು.
ಉಳಿದ ನಲವತ್ತನ್ನು ಹೊತ್ತು ಮುಳುಗುವಾಗ
ಯಾವುದೋ ಶಾಲೆಯ ಟೀಚರಮ್ಮನಿಗೆ ಕೊಟ್ಟಳು,
ಮಾತಿನ ಮೇಲೆ.
'ಸೋಮವಾರ ಕೊಡ್ತೀನಿ' ಅಂದಿದ್ದರು ಟೀಚರಮ್ಮ.

ನಡುವೆ ಕೂತವನು ಕನ್ನಡಕ ಒರೆಸಿಕೊಂಡ.
'ನಂಬಿಕೆಯನ್ನ ಯಾವ ಕಾಲಮ್ಮಿನಲ್ಲಿ ಬರೀಲಿ, ಹೇಳಿ?'
ಆಮೇಲೆ ಪಿಟೀಲು.
ಆಮೇಲೆ 'ನಿಮ್ಮ ಪಯಣ ಇಲ್ಲಿಗೆ ಮುಗಿಯಿತು.'
ಆಮೇಲೆ ಐದೇ ನಿಮಿಷದಲ್ಲಿ ಸಾಲ ಕೊಡುವ ಆ್ಯಪಿನ ಜಾಹೀರಾತು.

ಹಾಲಮ್ಮ ಎದ್ದೇಬಿಟ್ಟಳು.
'ಎಂಥ ಅನ್ಯಾಯ ಮಾರಾಯ್ತಿ!
ಕೋಟೆ ರಸ್ತೇಲಿ ಮೂವತ್ತು ವರ್ಷ ಹೂ ಮಾರಿದೀನಿ,
ಅರ್ಧ ಊರು ಮುಡಿದಿದ್ದು ನನ್ನ ಉದ್ರಿ.
ಇವನ ಹೆಂಡ್ತಿಯೂ ಮುಡಿದಿರಬೇಕು!'
ಖಮರುನ್ನೀಸಾ ಬಾಯಲ್ಲಿ ಸೂಜಿ ಕಚ್ಚಿಕೊಂಡೇ,
'ಕಳ್ಸಿದ್ದು ಸರಿ. ಸೋಮವಾರ ಅನ್ನೋರು
ಯಾವ ಸೋಮವಾರ ಅಂತ ಹೇಳಲ್ಲ.
ಎರಡು ರಂಜಾನ್ ಆಯ್ತು, ಆ ವಕೀಲರ ಮನೆಯ
ಆರು ಬ್ಲೌಸಿನ ದುಡ್ಡು...'
ಫಿಲೋಮಿನಾ ಗ್ಯಾಸ್ ರಸೀದಿಯ ಬೆನ್ನಿಗೆ ಕೂಡಿ ಕಳೆದು
ತಲೆ ಎತ್ತಿದಳು:
'ಇವತ್ತಿಗೆ ಸಾವಿರ ಲಾಭ. ನಾಳೆಗೆ ಐದು ಸಾವಿರದ ನಾನೂರು.
ಗೆದ್ದವರದ್ದು ಮೂರು ಸಾವಿರದ ನೂರು.
ಹುಡುಗಿ ಲೆಕ್ಕದಲ್ಲಿ ಸೋತಿಲ್ಲ ಕಣ್ರೇ,
ಭಾನುವಾರದಲ್ಲಿ ಸೋತಿದ್ದು.'

ಚೌಡಮ್ಮ ಸೆರಗಲ್ಲಿ ಮೂಗು ಒರೆಸಿಕೊಂಡಳು.
ನಿನ್ನ ಮಗಳೇನೇ ಅಂತ ನಕ್ಕೆವು.
'ಅದಲ್ಲ. ಅವಳ ಸೂಟ್‌ಕೇಸಿನ ಒಂದು ಚಕ್ರ ತಿರುಗ್ತಾ ಇರ್ಲಿಲ್ಲ.
ಒಬ್ಬರೂ ಎತ್ತಿಕೊಡಲಿಲ್ಲ.'

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಪುಸ್ತಕ ನನ್ನ ಮಂಡಿಗೆ ಒತ್ತುತ್ತಿತ್ತು.
ಅದರ ನಲವತ್ತೇಳನೇ ಹಾಳೆ ನನಗೆ ಬಾಯಿಪಾಠ:
ಬಂಗಾರಮ್ಮ. ಆರು ಕಂತು ಬಾಕಿ.
ಸರ್ವಾನುಮತದಿಂದ ಹೆಸರು ತೆಗೆಯಲಾಗಿದೆ.
ಕೆಂಪು ಇಂಕು. ನನ್ನದೇ ಅಕ್ಷರ, ದುಂಡಗೆ.
ಅವತ್ತು ಪಿಟೀಲು ಇರಲಿಲ್ಲ,
ಕುಕ್ಕರ್ ಮೂರು ಸಲ ಕೂಗಿತ್ತು. ಇದೇ ಚಾಪೆ.
ಅವಳೂ ಯಾವುದೋ ಒಂದು ವಾರದ ಹೆಸರು ಹೇಳಿದ್ದಳು.
ಅರ್ಧ ಟೀ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು.
ಹನ್ನೊಂದು ಸಹಿ ಬಿದ್ದವು. ಹಾಲಮ್ಮನದು ಹೆಬ್ಬೆಟ್ಟು.

ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ನನ್ನ ಹಿಂದೆಯೇ ಅವಳು.
ಆಷಾಢದಿಂದ ಮಾತಿಲ್ಲ.
ಹೊಳೆ ಕಡೆಯಿಂದ ತಣ್ಣನೆ ಗಾಳಿ. ನೀರು ಸಣ್ಣಗೆ ಬರುತ್ತಿತ್ತು.
'ನೋಡಿದ್ಯಾ ನಿನ್ನೆ?' ಅಂದಳು,
ಬಿಂದಿಗೆಗೆ ಹೇಳುವ ಹಾಗೆ.
'ನೋಡಿದೆ.'
'ಆ ಹುಡುಗೀನ ತೆಗೀಬಾರ್ದಿತ್ತು.'

ಹೌದು ಅನ್ನಲೋ,
ಲೆಕ್ಕ ಅಂದರೆ ಲೆಕ್ಕ ಅನ್ನಲೋ.
ದೂರದಲ್ಲಿ ರೈಲು ಕೂಗಿತು.
'ಇವತ್ತು ಸೋಮವಾರ' ಅಂದುಬಿಟ್ಟೆ. ಯಾಕೆ ಅಂದೆನೋ.

ನನ್ನ ಕೊಡ ತುಂಬಿ ಕಾಲ ಮೇಲೆ ಚೆಲ್ಲುತ್ತಿತ್ತು.
'ತೆಗಿ' ಅಂದಳು ಬಂಗಾರಮ್ಮ,
'ಹಿಂದೆ ಜನ ಇದಾರೆ.'