ಒಂಬತ್ತು ಚುಕ್ಕಿ

ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿದ್ದಾಗ
ನನ್ನ ವ್ಯಾಪಾರ ಏಳುತ್ತದೆ.
ನಿಂತ ಬೈಕಿನವರು ಜೇಬು ಮುಟ್ಟಿಕೊಂಡು
ಒಡೆದ ಗಾಜು ನೆನಪಾಗಿ ಇಳಿದು ಬರುತ್ತಾರೆ.
ಆರಡಿ ಅಂಗಡಿ. ಭೂತಗನ್ನಡಿ, ಬೆಸುಗೆಯ ಹೊಗೆ,
ದಾರ ಕಟ್ಟಿದ ಪೆನ್ನು, ಒಂದು ಚೀಟಿ ಪುಸ್ತಕ.

ಹೆಸರು ಬರೀರಿ. ಏನಾಗಿದೆ ಬರೀರಿ. ಲಾಕ್ ಬರೀರಿ.
ಮೂರನೆಯದಕ್ಕೆ ಯಾರೂ ತಡೆಯುವುದಿಲ್ಲ.
ಬೀರುವಿನ ಕೀಲಿ ಸೊಸೆಗೂ ಕೊಡದವರು
ಬರೆದುಕೊಟ್ಟು, ಟೀ ಕುಡಿದು ಬರ್ತೀನಿ ಅಂತ ಹೋಗುತ್ತಾರೆ.

ಕೊಟ್ರಪ್ಪನವರದು ಒಂದು ಒಂದು ನಾಲ್ಕು ಏಳು.
ಗಿರಣಿಯ ಟಿಕೆಟ್ ನಂಬರಂತೆ.
ಗಿರಣಿ ಮುಚ್ಚಿ, ಆ ಜಾಗ ಸೈಟಾಗಿ, ಸೈಟಿನಲ್ಲಿ ಮನೆ ಎದ್ದು
ಆ ಮನೆಗಳ ಬಣ್ಣವೂ ಹಾರಿದೆ;
ದಿನಕ್ಕೆ ನಲವತ್ತು ಸಲ
ಅವರ ಹೆಬ್ಬೆರಳು ಇನ್ನೂ ಶಿಫ್ಟಿಗೆ ಹಾಜರಿ ಹಾಕುತ್ತದೆ.

ಮಂಡಕ್ಕಿ ಭಟ್ಟಿಯ ಮಹಬೂಬ್‌ಬೀ ಫೋನು ಬಿಚ್ಚಿದರೆ
ಸ್ಪೀಕರಿನ ಜಾಲರಿಯಲ್ಲಿ ಮಸಿ, ಚಾರ್ಜಿನ ಬಾಯಲ್ಲಿ ಒಂದು ಮಂಡಕ್ಕಿ.
ಅವಳ ಬೆರಳಚ್ಚು ಹಿಡಿಯುವುದಿಲ್ಲ.
ಕಾದ ಮರಳು ಗೆರೆಗಳನ್ನೆಲ್ಲ ತಿಂದಿದೆ.
ಬ್ಯಾಂಕಿನವರು, ಒರೆಸಿ ಮತ್ತೆ ಇಡಿ ಅಂದರಂತೆ.
ರೇಷನ್ ಅಂಗಡಿಯವನೂ ಅಂದನಂತೆ.
"ಸೋಪು ಹಾಕಿ ತೊಳೆದೆ ಕಣಪ್ಪಾ,
ಎಷ್ಟು ಒತ್ತಿದರೂ ಅದರಲ್ಲಿ ನಾನೇ ಬರ್ಲಿಲ್ಲ."

ಟೈರ್ ಅಂಗಡಿಯ ಹಾಲೇಶ
ಮದುವೆ ಕರೆಯೋಲೆ ಅಂತ ಬಂದ ಫೈಲು ಒತ್ತಿದ.
ಹುಡುಗ ಯಾರು, ಹುಡುಗಿ ಯಾರು ತಿಳಿಯುವ ಮೊದಲೇ
ಹದಿನೆಂಟು ಸಾವಿರ ಮುಯ್ಯಿ ಹೋಗಿತ್ತು.

ನಾನೂ ಸಾಚಾ ಅಲ್ಲ.
ಒಂದು ಸಲ ಕ್ಯಾಮೆರಾ ಪರೀಕ್ಷಿಸುವ ನೆಪದಲ್ಲಿ
ಒಬ್ಬರ ಗ್ಯಾಲರಿ ತೆರೆದೆ.
ಆಸ್ಪತ್ರೆಯ ಮಂಚ. ಬೋಳಿಸಿದ ತಲೆಯ ಮಗು, ನಗುತ್ತಿತ್ತು.
ಮುಚ್ಚಿದೆ. ದುಡ್ಡು ತೆಗೆದುಕೊಳ್ಳಲಿಲ್ಲ.
ಯಾಕೆ ಬೇಡ ಎಂದು ಅವರು ಮೂರು ಸಲ ಕೇಳಿದರು.

ಇವಳ ಹೆಸರು ಇಲ್ಲಿ ಬರೆಯುವುದಿಲ್ಲ.
ಬಿಸಿಯಾಗುತ್ತೆ, ಚಾರ್ಜ್ ನಿಲ್ಲಲ್ಲ ಅಂದಳು.
ಬ್ಯಾಟರಿ ಹೊಸದು.
ಕ್ಯಾಲ್ಕುಲೇಟರ್ ಮಾತ್ರ ಎರಡಿದ್ದವು.
ಎರಡನೆಯದು ಕೂಡುತ್ತಿರಲಿಲ್ಲ, ಕಳೆಯುತ್ತಿರಲಿಲ್ಲ;
ಅವಳು ಎಲ್ಲಿ ನಿಂತಳು, ಯಾರಿಗೆ ಏನು ಬರೆದಳು,
ಬರೆದು ಏನು ಅಳಿಸಿದಳು,
ಆ ಲೆಕ್ಕ ಒಪ್ಪಿಸುತ್ತಿತ್ತು.
ಯಾರಿಗೆ ಎಂದು ನಾನು ಕೇಳಲಿಲ್ಲ. ಅವಳು ಬಳೆ ಸರಿಮಾಡಿಕೊಂಡಳು.

ತೆಗೆದುಬಿಡ್ಲಾ?
ಬೇಡ. ತೆಗೆದದ್ದು ಗೊತ್ತಾಗುತ್ತೆ.

ಆಮೇಲೆ ಪ್ರತಿ ಗುರುವಾರ, ಎರಡಕ್ಕೆ.
ಒಂದು ವಾರ ಚಾರ್ಜಿಂಗ್ ಲೂಸು, ಒಂದು ವಾರ ಮೈಕು,
ಮುಂದಿನ ವಾರ ಏನೂ ಹೇಳದೆ ಇಟ್ಟು ಹೋದಳು.
ಎಲ್ಲೋ ಒಂದು ನಕ್ಷೆಯಲ್ಲಿ
ನನ್ನ ಮೇಜು ನೀಲಿ ಬೊಟ್ಟಾಗಿ ಮಿಡಿಯುತ್ತದೆ:
ಇಲ್ಲೇ ಇದ್ದಾಳೆ, ಗೇಟಿನ ಹತ್ತಿರ, ರಿಪೇರಿ ಅಂಗಡಿಯಲ್ಲಿ.
ಅವಳು ಎಲ್ಲಿರುತ್ತಾಳೋ.
ತಂಗಿಯ ಮನೆಯೋ, ವಕೀಲರ ಮೆಟ್ಟಿಲೋ,
ಸುಮ್ಮನೆ ಬಸ್ ಸ್ಟ್ಯಾಂಡಿನ ಬೆಂಚೋ.
ಎರಡು ಗಂಟೆ ಈ ಊರಿನಲ್ಲಿ
ಅವಳಿಗಷ್ಟೇ ಗೊತ್ತು ಅವಳು.

ನಿನ್ನೆ ಅವನೇ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು.
"ಏನಣ್ಣ, ಈ ಫೋನಿಗೆ ಅಷ್ಟೊಂದು ಏನು ಕೆಲಸ?"
ಹದಿನಾಲ್ಕು ವರ್ಷದಲ್ಲಿ ಗಿರಾಕಿಗೆ
ಇಲ್ಲದ ರೋಗ ಹೇಳಿದವನಲ್ಲ ನಾನು.
ಕಣ್ಣಿಗೆ ಭೂತಗನ್ನಡಿ ಏರಿಸಿ ಹೇಳಿದೆ:
ಒಳಗೆ ತೇವ ಹೊಕ್ಕಿದೆ ಸರ್.
ಸ್ವಲ್ಪ ಸ್ವಲ್ಪವೇ ಒಣಗಿಸಬೇಕು. ಬಹಳ ವಾರ ಹಿಡಿಯುತ್ತೆ.
ಅವನು ಮತ್ತೇನೋ ಅಂದ. ಗೂಡ್ಸ್ ರೈಲು ಹಾಯುತ್ತಿತ್ತು,
ಐವತ್ತೆಂಟು ಡಬ್ಬಿ, ಎಣಿಸಿದೆ.

ರಾತ್ರಿ ಬಾಗಿಲೆಳೆಯುವಾಗ ಚೀಟಿಗಳನ್ನು ಹರಿದು
ಭಟ್ಟಿಯ ಬೆಂಕಿಗೆ ಹಾಕಲು ಮಹಬೂಬ್‌ಬೀ ಕೈಗೆ ಕೊಡುತ್ತೇನೆ.
ಅವಳಿಗೆ ಓದು ಬರುವುದಿಲ್ಲ; ಬಂದಿದ್ದರೂ ಕೊಡುತ್ತಿದ್ದೆ.
ಒಂದು ಮಾತ್ರ ಉಳಿಸಿಕೊಂಡಿದ್ದೇನೆ.
ಮೊದಲ ವಾರ ಗೆರೆ ಎಳೆದು ತೋರಿಸಿದ್ದವಳು
ಈಗ ಲಾಕ್ ಎಂಬ ಜಾಗದಲ್ಲಿ
ಹೊಸಿಲ ಮುಂದೆ ಇಡುವಂತೆ, ಮೂರು ಸಾಲು,
ಚುಕ್ಕಿಗಳನ್ನಷ್ಟೇ ಇಟ್ಟುಹೋಗಿದ್ದಾಳೆ.